ಬಲೂನಿನ ಟ್ರ್ಯಾಕರಿಗೆ ಜೀಪಿನ ಸೆಟ್ಟಿಂಗ್ ಹೊಂದುವುದಿಲ್ಲ

ಉಡುಪಿಯ ತಾಂತ್ರಿಕ ಕಾಲೇಜೊಂದರ ಸಂವಹನ ಪ್ರಯೋಗಾಲಯ ನನ್ನ ಹೊಣೆಯಲ್ಲಿದೆ. ನಮ್ಮ ಹ್ಯಾಮ್ (ಹವ್ಯಾಸಿ) ರೇಡಿಯೊ ತಂಡವು ಹೊರಜಿಲ್ಲೆಗಳ ಬಿಸಿಗಾಳಿ ಬಲೂನ್ ಉತ್ಸವಗಳಿಗೆ ಸ್ವಯಂಸೇವಕರಾಗಿ ಹೋಗುವಾಗ, ಬಲೂನು ಎಲ್ಲಿದೆ ಎಂದು ತಿಳಿಸುವ ಟ್ರ್ಯಾಕರುಗಳನ್ನು ಸಿದ್ಧಪಡಿಸಿ ಕೊಡುವವನು ನಾನು. ನಾವು ಬಳಸುವುದು ಅಮೆರಿಕದ ಬಾಬ್ ಬ್ರುನಿಂಗಾ ರೂಪಿಸಿದ, ಸ್ಥಾನದ ಮಾಹಿತಿಯನ್ನು ರೇಡಿಯೊ ಮೂಲಕ ಹಂಚುವ ಎಪಿಆರ್‌ಎಸ್ ಪದ್ಧತಿ. ಜಿಪಿಎಸ್ ಕೊಟ್ಟ ಸ್ಥಾನ ಮತ್ತು ಎತ್ತರವನ್ನು ಟ್ರ್ಯಾಕರ್ ಒಂದು ಸಣ್ಣ ಪ್ಯಾಕೆಟ್ ಮಾಡಿ, ಸೆಕೆಂಡಿಗೆ 1200 ಬಿಟ್ ವೇಗದಲ್ಲಿ ಬಿತ್ತರಿಸುತ್ತದೆ. ಅದನ್ನು ಕೇಳಿಸಿಕೊಂಡ ಡಿಜಿಪೀಟರ್ ಎಂಬ ನಡುವಣ ಕೇಂದ್ರ ಮರುಪ್ರಸಾರ ಮಾಡುತ್ತದೆ.

ಬಲೂನಿನ ಹಿಂದೆ ಓಡುವ ಜೀಪಿಗೆ ಹೊಂದುವ ಸೆಟ್ಟಿಂಗ್ ಬಲೂನಿಗೆ ಹೊಂದುವುದಿಲ್ಲ ಎಂಬುದು ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ಪಾಠ. ಹಿರಿಯಡ್ಕದ ಕಡೆ ಸ್ವರ್ಣಾ ನದಿಯ ತಗ್ಗಿಗೆ ಇಳಿದ ಜೀಪಿನ ಸಂಕೇತವನ್ನು ಮುರಕಲ್ಲಿನ ಗುಡ್ಡಗಳು ತಡೆಯುತ್ತವೆಯಾದ್ದರಿಂದ, ಅದಕ್ಕೆ ಎರಡು ಹಂತದ ಮರುಪ್ರಸಾರವನ್ನು (ಒಂದು ಡಿಜಿಪೀಟರ್ ಹೇಳಿದ್ದನ್ನು ಇನ್ನೊಂದು ಮತ್ತೆ ಹೇಳುವುದನ್ನು) ಕೇಳುವುದು ಸರಿಯೇ. ಆದರೆ 500 ಮೀಟರ್ ಎತ್ತರದ ಬಲೂನಿಗೆ ರೇಡಿಯೊ ದಿಗಂತವೇ, ಅಂದರೆ ಸಂಕೇತ ನೇರವಾಗಿ ತಲುಪುವ ಮಿತಿಯೇ, ಸುಮಾರು 90 ಕಿ.ಮೀ. ದೂರದಲ್ಲಿರುತ್ತದೆ. ಅದೂ ಎರಡು ಹಂತ ಕೇಳಿದರೆ ಹಲವು ಡಿಜಿಪೀಟರುಗಳು ಒಟ್ಟಿಗೆ ಅದೇ ಪ್ಯಾಕೆಟನ್ನು ಹೇಳತೊಡಗಿ, ಒಂದೇ ಆವರ್ತನ ಹಂಚಿಕೊಂಡಿರುವ ಉಳಿದವರ ಪ್ಯಾಕೆಟುಗಳು ನಾಶವಾಗುತ್ತವೆ. ತಲುಪದ ಪ್ಯಾಕೆಟನ್ನು ಯಾರೂ ಮತ್ತೆ ಕಳುಹಿಸುವುದಿಲ್ಲ. ಆದ್ದರಿಂದ ಬಲೂನಿಗೆ ಹೆಚ್ಚೆಂದರೆ ಒಂದು ಹಂತ ಸಾಕು; ಜೊತೆಗೆ ಪ್ರತಿ ಬಲೂನಿಗೂ ನಿಮಿಷದೊಳಗಿನ ಬೇರೆ ಬೇರೆ ಸೆಕೆಂಡನ್ನು ನಿಗದಿಪಡಿಸಬೇಕು. ರಸ್ತೆಯ ತಿರುವು ನೋಡಿ ಪ್ಯಾಕೆಟ್ ಕಳುಹಿಸುವ ಸ್ಮಾರ್ಟ್ ಬೀಕನ್ ಸೌಲಭ್ಯವೂ ಇಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಬಲೂನು ನೇರ ಸಾಗುತ್ತಲೇ ನೂರಾರು ಮೀಟರ್ ಏರಿರಬಹುದು.

ಆ ಎತ್ತರದ ಅಂಕಿ ನನಗೆ ಅತ್ಯಂತ ಅಮೂಲ್ಯವಾದುದು. ಬಲೂನಿಗೆ ಚುಕ್ಕಾಣಿಯಿಲ್ಲ, ಬೇಕಾದ ಗಾಳಿಯ ಪದರಕ್ಕೆ ಏರಿ ಅಥವಾ ಇಳಿದು ಪೈಲಟ್ ದಿಕ್ಕು ಬದಲಿಸುತ್ತಾರೆ. ಮೊದಲು ಹಾರಿದ ಬಲೂನಿನ ಪ್ಯಾಕೆಟುಗಳನ್ನು ಎತ್ತರದ ಪ್ರಕಾರ ಜೋಡಿಸಿದರೆ ಯಾವ ಪದರದ ಗಾಳಿ ಎತ್ತ ಬೀಸುತ್ತಿದೆ ಎಂಬುದು ಕಾಣುತ್ತದೆ, ಮುಂದಿನವರಿಗೆ ಅದನ್ನು ತಿಳಿಸಬಹುದು. ನಮ್ಮ ಕರಾವಳಿಯಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. ಬಲೂನು ಹಾರಿಸಲು ಅನುಕೂಲವಾದ ಮುಂಜಾವಿನ ಹೊತ್ತಿಗೇ ನೆಲಗಾಳಿ ಕಡಲಿನತ್ತ ಬೀಸುತ್ತಿರುತ್ತದೆ. ಮಲ್ಪೆ ಅಥವಾ ಪಣಂಬೂರಿನ ಮರಳಿನಲ್ಲಿ ಹಗ್ಗ ಕಟ್ಟಿದ ಬಲೂನನ್ನಷ್ಟೇ ಯೋಚಿಸಬಹುದೇ ಹೊರತು ಸ್ವತಂತ್ರ ಹಾರಾಟವನ್ನಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಪ್ಯಾಕೆಟುಗಳು ಚುಕ್ಕೆಗಳಾಗಿ ಕಾಣುವ ನಕ್ಷೆಯ ಮುಂದೆ ಕೂರುವ ವಿದ್ಯಾರ್ಥಿಗೆ, ಚುಕ್ಕೆಯನ್ನು ನೋಡುವ ಮೊದಲು ಅದರ ಪಕ್ಕದ ಸಮಯವನ್ನು ಓದುವಂತೆ ಹೇಳುತ್ತೇನೆ. ಬಲೂನು ಇಳಿದೊಡನೆ ಗುಡ್ಡದ ಮರೆಗೆ ಹೋಗಿ ಪ್ಯಾಕೆಟ್ ನಿಲ್ಲುತ್ತದೆ. ಹಳೆಯ ಚುಕ್ಕೆಯನ್ನು ನಂಬಿದ ಜೀಪು ಬೇರೆ ಊರಿನ ದಾರಿ ಹಿಡಿಯುತ್ತದೆ.

ಹವ್ಯಾಸಿ ರೇಡಿಯೊವನ್ನು ಹಣಗಳಿಕೆಗೆ ಬಳಸುವಂತಿಲ್ಲ, ಪ್ರಸಾರಕ್ಕೆ ಪರವಾನಗಿ ಬೇಕೇ ಬೇಕು. ಟಿಕೆಟ್ ಪಡೆದು ಜನರನ್ನು ಹಾರಿಸುವ ಸಂಸ್ಥೆಗಳು ಸಲಹೆ ಕೇಳಿದಾಗ, 865ರಿಂದ 868 ಮೆಗಾಹರ್ಟ್ಸ್ ನಡುವಿನ ಪರವಾನಗಿ ಬೇಡದ ಬ್ಯಾಂಡಿನ, ಕಡಿಮೆ ಶಕ್ತಿಯಲ್ಲಿ ದೂರಕ್ಕೆ ತಲುಪುವ ಲೋರಾ ಟ್ರ್ಯಾಕರುಗಳನ್ನು ಸೂಚಿಸುತ್ತೇನೆ.