ಮಲ್ಪೆಯ ಮೀನು ಕೋಲ್ಡ್ ರೂಮ್: ವಾಟರ್ ವಾಲ್ವ್ ಕೂರಿಸಿ ಹೆಡ್ ಪ್ರೆಶರ್ ಹೊಂದಿಸುವ ಕೆಲಸ, ಜುಲೈವರೆಗಿನ ಪ್ರಗತಿ

ಘಟಕ 5 ಎಚ್‌ಪಿ, ಗ್ಯಾಸ್ ಆರ್-404ಎ, ಕೋಣೆ 0 ಡಿಗ್ರಿ. ಬಿಸಿ ಗ್ಯಾಸನ್ನು ತಣಿಸಿ ದ್ರವ ಮಾಡುವ ಶೆಲ್ ಅಂಡ್ ಟ್ಯೂಬ್ ಕಂಡೆನ್ಸರ್‌ಗೆ ಬಾವಿ ನೀರು. ಹೊರಬಂದದ್ದು ತೆಂಗಿನ ಬುಡಕ್ಕೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ, ಹಾಗಾಗಿ ಕೋಣೆ ಖಾಲಿ. ಬಿಚ್ಚಿ ಕೆಲಸ ಮಾಡಲು ಇದೇ ಹೊತ್ತು.

ಇದುವರೆಗೆ ನೀರಿನ ಗೇಟ್ ವಾಲ್ವ್ ಪೂರ್ತಿ ತೆರೆದೇ ಇರುತ್ತಿತ್ತು. ನಿಮಿಷಕ್ಕೆ ಸುಮಾರು 37 ಲೀಟರ್, ಹೆಡ್ ಪ್ರೆಶರ್, ಅಂದರೆ ಕಂಡೆನ್ಸರಿನೊಳಗಿನ ಗ್ಯಾಸ್ ಪ್ರೆಶರ್, 15.8 ಬಾರ್; ಗ್ಯಾಸ್ ದ್ರವವಾಗುವ (ಕಂಡೆನ್ಸಿಂಗ್) ಉಷ್ಣತೆ 37 ಡಿಗ್ರಿ. ಕರೆಂಟಿನ ಲೆಕ್ಕದಲ್ಲಿ ಇದು ಒಳ್ಳೆಯದೇ. ಪ್ರೆಶರ್ ತಗ್ಗಿದಷ್ಟೂ ಕಂಪ್ರೆಸರ್ ಹಗುರ. ಆದರೆ ಕಡಲ ಬದಿಯ ಬಾವಿಯಿಂದ ಬೇಸಗೆಯಲ್ಲಿ ಹೆಚ್ಚು ಎತ್ತಿದರೆ ಉಪ್ಪು ಒಳಬರುತ್ತದೆ, ಉಪ್ಪು ನೀರು ತಾಮ್ರದ ಟ್ಯೂಬನ್ನು ತೂತು ಮಾಡುತ್ತದೆ. ಇಲ್ಲಿ ಉಳಿಸಬೇಕಾದದ್ದು ನೀರು. ಅದಕ್ಕೇ ಗ್ಯಾಸ್ ಪ್ರೆಶರಿಗೆ ತಕ್ಕಂತೆ ತಾನೇ ತೆರೆದು ಮುಚ್ಚುವ ವಾಟರ್ ವಾಲ್ವ್.

ಟ್ಯೂಬ್: ಎಂಡ್ ಪ್ಲೇಟ್ ತೆಗೆದಾಗ ಸುಣ್ಣದ ಪೊರೆ ಇರಲಿಲ್ಲ, ಕೆಂಪು ಕಬ್ಬಿಣದ ಕೆಸರು ಮಾತ್ರ. ನಮ್ಮ ಮುರಕಲ್ಲಿನ ನೆಲದ ನೀರಿಗೆ ಆಸಿಡ್ ತೊಳೆತ ಬೇಡ, ನೈಲಾನ್ ಬ್ರಷ್ ಸಾಕು. ಸ್ಟೀಲ್ ಬ್ರಷ್ ಮುಟ್ಟಿಸಬೇಡಿ. ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿದ್ದಾಯಿತು.

ಗಾಳಿ: ಸೆಟ್ಟಿಂಗಿಗೆ ಮೊದಲು ಈ ಪರೀಕ್ಷೆ ಆಗಲೇಬೇಕು. ಕಂಪ್ರೆಸರ್ ನಿಲ್ಲಿಸಿ, ಒಳಹೋಗುವ ಮತ್ತು ಹೊರಬರುವ ನೀರಿನ ಉಷ್ಣತೆ ಒಂದೇ ಆಗುವವರೆಗೆ ನೀರು ಹರಿಸಿ. 28 ಡಿಗ್ರಿ ನೀರಿಗೆ 404ಎ ಸುಮಾರು 12.5 ಬಾರ್ ತೋರಿಸಬೇಕು. ಅದಕ್ಕಿಂತ ಅರ್ಧ ಬಾರ್ ಮೀರಿ ಮೇಲಿದ್ದರೆ ಒಳಗೆ ಗಾಳಿ ಇದೆ. ಅದನ್ನು ವಾಲ್ವ್ ತಿರುಗಿಸಿ ಸರಿಪಡಿಸಲಾಗದು. ಗ್ಯಾಸನ್ನು ಸಿಲಿಂಡರಿಗೆ ಎಳೆದು, 500 ಮೈಕ್ರಾನ್ ವ್ಯಾಕ್ಯೂಮ್ ಮಾಡಿ ಮತ್ತೆ ತುಂಬಬೇಕು. ಇಲ್ಲಿ ಮುಳ್ಳು ಸರಿಯಾಗಿಯೇ ನಿಂತಿತು.

ಸೆಟ್ಟಿಂಗ್: ಕಂಡೆನ್ಸರ್ ಹೊರಹಾಕುವ ಶಾಖ ಸುಮಾರು 13 ಕಿಲೋವಾಟ್. ನೀರು 28ರಿಂದ 36ಕ್ಕೆ ಏರಲು ಬಿಟ್ಟರೆ ನಿಮಿಷಕ್ಕೆ 23 ಲೀಟರ್ ಸಾಕು; ಆಗ ಕಂಡೆನ್ಸಿಂಗ್ 40 ಡಿಗ್ರಿ, ಅಂದರೆ 17.2 ಬಾರ್. 37ರಿಂದ ಈ ಮೂರು ಡಿಗ್ರಿ ಏರಿಕೆಗೆ ಕರೆಂಟು ಒಂದಿಷ್ಟು ಹೆಚ್ಚು ಉರಿಯುತ್ತದೆ, ಅದು ಒಪ್ಪಿಗೆಯೇ. ಸ್ಪ್ರಿಂಗ್ ಬಿಗಿಯಾದಷ್ಟು ವಾಲ್ವ್ ತಡವಾಗಿ ತೆರೆದು ಪ್ರೆಶರ್ ಏರುತ್ತದೆ. ಅರ್ಧ ಸುತ್ತು ತಿರುಗಿಸಿ ಹತ್ತು ನಿಮಿಷ ಕಾಯಿರಿ, ಆಮೇಲೆ ಗೇಜ್ ಓದಿ. ಅವಸರಪಟ್ಟರೆ ಮುಳ್ಳಿನ ಹಿಂದೆ ಓಡುವುದೇ ಕೆಲಸವಾಗುತ್ತದೆ. ಏನು ಮಾಡಿದರೂ ಮುಳ್ಳು ಮೇಲೆ ಕೆಳಗೆ ತೂಗುತ್ತಿದ್ದರೆ ವಾಲ್ವ್ ಸೈಜೇ ದೊಡ್ಡದಾಗಿರಬಹುದು. ವಾಲ್ವಿಗೆ ಪ್ರೆಶರ್ ಮುಟ್ಟಿಸುವ ಸಣ್ಣ ಕೊಳವೆಯನ್ನು (ಸೆನ್ಸಿಂಗ್ ಕ್ಯಾಪಿಲರಿ) ಗ್ಯಾಸ್ ಲೈನಿನ ಮೇಲ್ಭಾಗದಿಂದ ತೆಗೆಯಿರಿ, ಅಡಿಯಿಂದ ತೆಗೆದರೆ ಆಯಿಲ್ ಕೂರುತ್ತದೆ.

ತಲೆನೋವು ವಾಲ್ವ್ ತೆರೆಯಲು ಶುರುವಾಗುವ ಪ್ರೆಶರಿನದು, ಅಂದರೆ ತೆರೆಯುವ ಬಿಂದುವಿನದು. ಕಂಪ್ರೆಸರ್ ನಿಂತಾಗ ವಾಲ್ವ್ ಮುಚ್ಚಬೇಕಾದರೆ ಆ ಬಿಂದು ಯಂತ್ರಕೋಣೆಯ ಬಿಸಿಗೆ ತಕ್ಕ ಪ್ರೆಶರಿಗಿಂತ ಮೇಲಿರಬೇಕು. ಈಗ 15.8ಕ್ಕೆ ತೆರೆಯುತ್ತದೆ, ಯಂತ್ರಕೋಣೆ 35 ಡಿಗ್ರಿ ಆದರೂ ಗ್ಯಾಸ್ 15.1, ಮುಚ್ಚಿಯೇ ಇರುತ್ತದೆ. ಏಪ್ರಿಲಿನಲ್ಲಿ 38 ಮುಟ್ಟಿದರೆ 16.3, ನೀರು ಸುಮ್ಮನೆ ಸೋರುತ್ತದೆ. ಬಿಂದುವನ್ನು ಇನ್ನೂ ಏರಿಸಿದರೆ ಓಡುವಾಗಿನ ಪ್ರೆಶರೂ ಏರುತ್ತದೆ. ಹಾಗಾಗಿ ಕಂಪ್ರೆಸರ್ ಜೊತೆ ತೆರೆದು ಮುಚ್ಚುವ ಸೊಲೆನಾಯ್ಡ್ (ಕರೆಂಟಿನಿಂದ ನಡೆಯುವ ವಾಲ್ವ್) ಒಂದನ್ನು ನೀರಿನ ಲೈನಿಗೆ ಸೇರಿಸಲಾಗುತ್ತಿದೆ.

ಪ್ರೆಶರ್ ಮಿತಿ ಮೀರಿದರೆ ಕಂಪ್ರೆಸರ್ ನಿಲ್ಲಿಸುವ ಹೈ ಪ್ರೆಶರ್ ಕಟೌಟ್ 22 ಬಾರ್. ಗೇಟ್ ವಾಲ್ವನ್ನು ನಿಧಾನ ಮುಚ್ಚುತ್ತಾ ನೋಡಿದಾಗ ಸರಿಯಾಗಿ ಟ್ರಿಪ್ ಆಯಿತು. ಈ ಪರೀಕ್ಷೆಯಲ್ಲಿ ಕೈ ಮೇನ್ ಸ್ವಿಚ್ ಮೇಲಿರಲಿ.

ಬಾಕಿ: ಸೊಲೆನಾಯ್ಡ್ ವೈರಿಂಗ್. ಖಾಲಿ ಕೋಣೆಯಲ್ಲಿ ಲೋಡ್ ಕಡಿಮೆ, ಆದ್ದರಿಂದ ಈಗಿನದು ತಾತ್ಕಾಲಿಕ ಸೆಟ್ಟಿಂಗ್. ಆಗಸ್ಟಿನಲ್ಲಿ ಮೀನು ತುಂಬಿದ ಮೇಲೆ 17.2ಕ್ಕೆ ಮತ್ತೆ ಹೊಂದಿಸಬೇಕು.