ಅಂಜನಾದ್ರಿ ಹತ್ತಿದವರಿಗೆ ಹಾಂಗ್‌ಕಾಂಗ್‌ನ ಕೇಬಲ್ ಕಾರ್

ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಬಂದವರಿಗೆ ಲಾಂಟಾವ್ ದ್ವೀಪದ ದೊಡ್ಡ ಬುದ್ಧನ 268 ಮೆಟ್ಟಿಲು ಭಾರವೇನಲ್ಲ. ಮೊಣಕಾಲು ನೋವಿರುವ ಹಿರಿಯರನ್ನು ಕರೆತರುವವರು ಮಾತ್ರ ಒಂದು ತಿಳಿದಿರಿ: ನ್ಗಾಂಗ್ ಪಿಂಗ್ ಕೇಬಲ್ ಕಾರ್ ಗುಡ್ಡದ ಮೇಲಕ್ಕೆ ಒಯ್ಯುತ್ತದೆ, ಮೂರ್ತಿಯ ಬುಡಕ್ಕಲ್ಲ. ಇಳಿದ ಮೇಲೆ ಸ್ವಲ್ಪ ನಡೆದು ಮೆಟ್ಟಿಲು ಹತ್ತಬೇಕು. ಆಗದವರು ಕೆಳಗಿನಿಂದಲೇ ಕೈ ಮುಗಿಯಬಹುದು. ಪೀಠ ಸೇರಿ 34 ಮೀಟರ್ ಎತ್ತರದ ಕಂಚಿನ ಮೂರ್ತಿ ಚೆನ್ನಾಗಿ ಕಾಣುತ್ತದೆ.

ಮೆಟ್ರೊದಲ್ಲಿ ತುಂಗ್ ಚುಂಗ್‌ಗೆ ಬಂದು ಬಿ ಬಾಗಿಲಿನಿಂದ ಹೊರಬಿದ್ದರೆ ಕೇಬಲ್ ಕಾರ್ ನಿಲ್ದಾಣ ಹತ್ತಿರವೇ. ದಾರಿ 5.7 ಕಿ.ಮೀ., ಸುಮಾರು 25 ನಿಮಿಷ. ಟಿಕೆಟ್ಟನ್ನು ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ, ರಜಾದಿನ ಬಿಡಿ, ಬೆಳಿಗ್ಗೆಯೇ ಹೊರಡಿ. ಗಾಜಿನ ತಳದ ಡಬ್ಬಿಗೆ (ಕ್ಯಾಬಿನ್‌ಗೆ) ಹೆಚ್ಚು ಹಣ. ಎತ್ತರಕ್ಕೆ ತಲೆ ತಿರುಗುವವರಿಗೆ ಅದು ಬೇಡವೇ ಬೇಡ.

ಡಬ್ಬಿಯ ಮೇಲ್ಗಡೆ ಎರಡು ಬಗೆಯ ಉಕ್ಕಿನ ಹಗ್ಗಗಳಿವೆ. ಒಂದು ಅಲುಗದೆ ನಿಂತ ಹಳಿಯಂತೆ. ಡಬ್ಬಿಯ ಗಾಲಿಗಳು ಅದರ ಮೇಲೆ ಉರುಳುತ್ತವೆ. ಇನ್ನೊಂದು ಸದಾ ಓಡುತ್ತಿರುತ್ತದೆ. ಡಬ್ಬಿಯ ಹಿಡಿಕೆ ಅದನ್ನು ಕಚ್ಚಿಕೊಂಡು ಸಾಗುತ್ತದೆ. ನಿಲ್ದಾಣ ಬಂದೊಡನೆ ಹಿಡಿ ಸಡಿಲುತ್ತದೆ, ಡಬ್ಬಿ ಆಮೆ ನಡಿಗೆಗೆ ಇಳಿಯುತ್ತದೆ, ಬಾಗಿಲು ತೆರೆಯುತ್ತದೆ, ಆದರೆ ಡಬ್ಬಿ ಪೂರ್ತಿ ನಿಲ್ಲುವುದಿಲ್ಲ. ಚೀಲ ಒಂದೇ ಕೈಯಲ್ಲಿರಲಿ, ಸೀರೆಯ ನೆರಿಗೆ ಎತ್ತಿ ಹಿಡಿಯಿರಿ, ಹಿರಿಯರನ್ನು ಮುಂದೆ ಬಿಟ್ಟು ಹಿಂದೆ ಹತ್ತಿ. ನಡೆಯಲು ಕಷ್ಟವಿದ್ದರೆ ಸಿಬ್ಬಂದಿಗೆ ಮೊದಲೇ ಹೇಳಿ. ಕಂಬ ದಾಟುವಾಗ ಗಡಗಡ ಸದ್ದಾಗುತ್ತದೆ, ಗಾಬರಿ ಬೇಡ. ನಡುವೆ ದಾರಿ ತಿರುಗುವ ನಿಲ್ದಾಣಗಳಲ್ಲಿ ಇಳಿಯುವಂತಿಲ್ಲ.

ಪ್ರಯಾಣ ಕೆಡುವುದು ಗಾಳಿ ಮತ್ತು ಸಿಡಿಲಿನಿಂದ. ಬಿರುಗಾಳಿಗೆ ಡಬ್ಬಿ ತೂಗಾಡಿ ಕಂಬಕ್ಕೆ ತಾಗುವ ಭಯ; ಬಯಲಲ್ಲಿ ಎತ್ತರಕ್ಕೆ ಚಾಚಿದ ಉಕ್ಕಿನ ಹಗ್ಗ ಸಿಡಿಲಿಗೆ ಸುಲಭದ ಗುರಿ. ಅಂಥ ಹೊತ್ತಿನಲ್ಲಿ ಸೇವೆ ನಿಲ್ಲಿಸುತ್ತಾರೆ, ಅದು ಸರಿಯೇ. ಆಗ 23ನೇ ನಂಬರಿನ ಬಸ್ ಇದೆ, ಆದರೆ ಸಾಲು ಉದ್ದ. ಮಾರ್ಚ್, ಏಪ್ರಿಲ್‌ನಲ್ಲಿ ಮಂಜು ಕವಿದು ಏನೂ ಕಾಣದಿರಬಹುದು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆಕಾಶ ತಿಳಿ. ಮೂರ್ತಿಯ ಬಳಿಯ ಪೊ ಲಿನ್ ಮಠದಲ್ಲಿ ಸಸ್ಯಾಹಾರದ ಊಟ ಸಿಗುತ್ತದೆ. ಚೀನೀ ಬೌದ್ಧರ ಮಠದ ಅಡುಗೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕುವ ರೂಢಿಯಿಲ್ಲ. ಬುದ್ಧನ ದರ್ಶನ ಸಂಜೆ 5.30ರವರೆಗೆ.

ಅಂಜನಾದ್ರಿಗೂ ರೋಪ್‌ವೇ ಬೇಕೆನ್ನುವವರು ಇನ್ನೊಂದನ್ನು ಗಮನಿಸಬೇಕು. 2006ರಲ್ಲಿ ಶುರುವಾದ ಈ ಮಾರ್ಗವನ್ನು 2017ರ ಜನವರಿಯಿಂದ ತಿಂಗಳುಗಟ್ಟಲೆ ಮುಚ್ಚಿ ಹಗ್ಗ ಬದಲಿಸಿದರು. ಆ ದಿನಗಳಲ್ಲಿ ಜನರನ್ನು ಮೇಲಕ್ಕೆ ಮುಟ್ಟಿಸಲು ಬಸ್ಸಿನ ರಸ್ತೆಯಿತ್ತು. ನಮ್ಮ ಬೆಟ್ಟಕ್ಕೆ ಅಂಥ ರಸ್ತೆಯಿಲ್ಲ. ಹಾಗಾಗಿ ರೋಪ್‌ವೇ ಬಂದ ಮೇಲೂ ಆ ಮೆಟ್ಟಿಲುಗಳಿಗೆ ನೆರಳು, ಕುಡಿಯುವ ನೀರು, ಕೈಹಿಡಿ ಕಂಬಿ ಎಲ್ಲವೂ ಬೇಕು.