ಹತ್ತಾಣೆಯ ರೂಪಾಯಿ

2023ರ ದಸರಾ ಹೊತ್ತಿಗೆ ಅಮ್ಮ, ಚಿಕ್ಕಮ್ಮ, ನಾನು ಮೂವರೂ ನೇಪಾಳಕ್ಕೆ ಹೋಗಿದ್ದೆವು. ಮುಕ್ತಿನಾಥ, ಪಶುಪತಿನಾಥ ಎರಡನ್ನೂ ನೋಡಬೇಕು ಅನ್ನುವುದು ಅಮ್ಮನ ಬಹಳ ವರ್ಷದ ಆಸೆ. ಯಶವಂತಪುರದಿಂದ ಗೋರಖಪುರದ ತನಕ ರೈಲು, ಅಲ್ಲಿಂದ ಜೀಪಿನಲ್ಲಿ ಸೋನೌಲಿ. ಸೋನೌಲಿಯಲ್ಲಿ ಗಡಿಯನ್ನು ನಡೆದುಕೊಂಡೇ ದಾಟಬಹುದು. ರಸ್ತೆಗೆ ಅಡ್ಡ ದೊಡ್ಡ ಕಮಾನು, ಅದರ ಕೆಳಗೆ ರಿಕ್ಷಾ, ಲಾರಿ, ತಲೆ ಮೇಲೆ ಮೂಟೆ ಹೊತ್ತ ಜನ. ದಾಟಿದ ಕೂಡಲೇ ಚಿಕ್ಕಮ್ಮನಿಗೆ ಬಾಯಾರಿಕೆ. ನೀರಿನ ಬಾಟಲಿಗೆ ಅಂಗಡಿಯವನು ಹಿಂದಿಯಲ್ಲಿ ಮೂವತ್ತೆರಡು ಅಂದ. ಅಷ್ಟು ಯಾಕೆ ಅಂತ ಚಿಕ್ಕಮ್ಮ ಬಾಟಲಿ ಕೆಳಗಿಟ್ಟೇಬಿಟ್ಟರು. ಅವನು ಬೇಜಾರು ಮಾಡಿಕೊಳ್ಳದೆ ಬಿಡಿಸಿ ಹೇಳಿದ: "ಎನ್‌ಸಿ ಮೂವತ್ತೆರಡು, ಐಸಿ ಇಪ್ಪತ್ತು."

ನೇಪಾಳದಲ್ಲಿ ಇರುವಷ್ಟು ದಿನವೂ ಈ ಎರಡು ಶಬ್ದ ಬೇಕು. ಎನ್‌ಸಿ ಅಂದರೆ ನೇಪಾಳಿ ಕರೆನ್ಸಿ, ಐಸಿ ಅಂದರೆ ಇಂಡಿಯನ್ ಕರೆನ್ಸಿ. ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ, ದೇವಸ್ಥಾನದ ಮುಂದೆ ಹೂ ಮಾರುವವರ ಬಾಯಲ್ಲಿ, ಎಲ್ಲ ಕಡೆ ಇದೇ. ನೇಪಾಳಿ ಪತ್ರಿಕೆಗಳು ಭಾರು, ನೇರು ಅಂತ ಬರೆಯುತ್ತವೆ. ಭಾರತೀಯ ರೂಪಾಯಿ ಭಾರು, ನೇಪಾಳಿ ರೂಪಾಯಿ ನೇರು. ಡಾಲರೋ ದಿರ್ಹಮ್ಮೋ ಆದರೆ ಹೆಸರೇ ಬೇರೆ ಇರುವುದರಿಂದ ತಲೆ ತಾನಾಗೇ ಎಚ್ಚರವಾಗಿರುತ್ತದೆ. ಇಲ್ಲಿ ಎರಡೂ ರೂಪಾಯಿಯೇ, ಎರಡರಲ್ಲೂ ನೂರು ಪೈಸೆಯೇ. ಅದಕ್ಕೇ ಮೋಸವಿಲ್ಲದ ಕಡೆಯೂ ಲೆಕ್ಕ ತಪ್ಪುತ್ತದೆ.

ದರ ಏನು ಅಂದರೆ, ನಮ್ಮ 100ಕ್ಕೆ ಅವರ 160. ಇದು ದಿನದಿನಕ್ಕೆ ಬದಲಾಗುವ ದರ ಅಲ್ಲ. 1993ರಿಂದ ಇಷ್ಟೇ ಇದೆ. ಅದಕ್ಕೂ ಮುಂಚೆ ಮಾತ್ರ ಸಾಕಷ್ಟು ಏರಿಳಿತ ಆಗಿತ್ತು. 1966ರಲ್ಲಿ ನಮ್ಮ ಸರ್ಕಾರ ರೂಪಾಯಿಯ ಬೆಲೆ ಇಳಿಸಿದಾಗ ನೇಪಾಳ ಇಳಿಸಲಿಲ್ಲ, ಹಾಗಾಗಿ ಸ್ವಲ್ಪ ಕಾಲ ಎರಡೂ ರೂಪಾಯಿ ಹೆಚ್ಚುಕಡಿಮೆ ಸಮಸಮ ಇದ್ದವು. ಈಗ ನೇಪಾಳ ರಾಷ್ಟ್ರ ಬ್ಯಾಂಕು, ಅಂದರೆ ನಮ್ಮ ರಿಸರ್ವ್ ಬ್ಯಾಂಕಿನ ಹಾಗೆ ಅವರದ್ದು, 160ನ್ನು ಬಿಗಿಯಾಗಿ ಹಿಡಿದಿದೆ. ನೇಪಾಳದ ವ್ಯಾಪಾರದಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ದೇಶದ ಜೊತೆಗೇ, ಲಕ್ಷಾಂತರ ಜನ ಇಲ್ಲಿ ದುಡಿದು ಮನೆಗೆ ದುಡ್ಡು ಕಳಿಸುತ್ತಾರೆ, ಗಡಿಯಲ್ಲಿ ಬೇಲಿ ಇಲ್ಲ. ಹೀಗಿರುವಾಗ ದರ ದಿನಾ ಕುಣಿದರೆ ಬದುಕುವುದೇ ಕಷ್ಟ ಅಲ್ವಾ? ಇದರ ಇನ್ನೊಂದು ಮುಖವೂ ಇದೆ. ಡಾಲರಿನ ಮುಂದೆ ನಮ್ಮ ರೂಪಾಯಿ ಬಿದ್ದರೆ ಅವರದ್ದೂ ಜೊತೆಗೇ ಬೀಳುತ್ತದೆ. ನಾವು ಹೋಗಿದ್ದಾಗ ಡಾಲರಿಗೆ ಇಲ್ಲಿ 83, ಅಲ್ಲಿ 133.

ಸರಿ, ದರ ಗೊತ್ತಾಯಿತು. ಆದರೆ ಅಂಗಡಿ ಮುಂದೆ ನಿಂತು 1.6ರಿಂದ ಭಾಗಿಸುವುದು ಹೇಗೆ? ನಾನು ಮೊಬೈಲ್ ತೆಗೆಯುತ್ತಿದ್ದೆ. ಗಡಿಯ ಪಕ್ಕದ ಊರು ಭೈರಹವಾದಿಂದ ಪೋಖರಾಕ್ಕೆ ಹೋಗುವ ಬಸ್ಸಿನಲ್ಲಿ ಅಮ್ಮ ಅದನ್ನೇ ನೋಡುತ್ತಾ ಕೂತಿದ್ದವರು ಇದ್ದಕ್ಕಿದ್ದಂತೆ ಕೇಳಿದರು.

"ಅವರ ಒಂದು ರೂಪಾಯಿಗೆ ನಮ್ಮದು ಎಷ್ಟು ಪೈಸೆ?"

"ಅರವತ್ತೆರಡೂವರೆ ಪೈಸೆ."

"ಹಾಗಾದ್ರೆ ಹತ್ತಾಣೆ ಅನ್ನು."

ನಾನು ಒಂದು ನಿಮಿಷ ಸುಮ್ಮನೆ ಕೂತೆ. ಅಮ್ಮ ಹುಟ್ಟಿದ್ದು 1947ರಲ್ಲಿ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬರುವ ತನಕ ಸಾಗರದ ಸಂತೆಯಲ್ಲಿ ಅವರು ಕಂಡಿದ್ದೆಲ್ಲ ಆಣೆ ಲೆಕ್ಕವೇ. ರೂಪಾಯಿಗೆ ಹದಿನಾರಾಣೆ. ಒಂದಾಣೆಗೆ ಆರೂಕಾಲು ಪೈಸೆ. ಹತ್ತಾಣೆ ಅಂದರೆ ಸರಿಯಾಗಿ ಅರವತ್ತೆರಡೂವರೆ. ಹದಿನಾರರಲ್ಲಿ ಹತ್ತು, ನೂರರವತ್ತಕ್ಕೆ ನೂರು. ಅಷ್ಟು ದಿನ ಕಣ್ಣೆದುರೇ ಇದ್ದರೂ ನನಗೆ ಕಂಡಿರಲಿಲ್ಲ.

ಅಮ್ಮ ಲೆಕ್ಕ ಮಾಡುವ ಕ್ರಮ ಹೀಗೆ. ಹತ್ತಾಣೆ ಅಂದರೆ ಎಂಟಾಣೆ ಮತ್ತೆ ಎರಡಾಣೆ. ಎಂಟಾಣೆ ಅಂದರೆ ಅರ್ಧ. ಎರಡಾಣೆ ಅಂದರೆ ಆ ಅರ್ಧದಲ್ಲಿ ಕಾಲು ಭಾಗ. ಅಂಗಡಿಯವನು ಎನ್‌ಸಿ 800 ಅಂದನೇ? ಅರ್ಧ 400, ಅದರ ಕಾಲು 100, ಒಟ್ಟು ನಮ್ಮ 500. ಎನ್‌ಸಿ 1000 ಆದರೆ 500, ಅದಕ್ಕೆ 125, ಅಂದರೆ 625. ಎನ್‌ಸಿ 240 ಆದರೆ 120 ಮತ್ತೆ 30, ಅಲ್ಲಿಗೆ 150. ನಮ್ಮ ರೂಪಾಯಿಯಿಂದ ಅವರದ್ದಕ್ಕೆ ಹೋಗಬೇಕಾದರೆ ಒಂದೂವರೆ ಪಟ್ಟು ಮಾಡಿ, ಮೊದಲಿನ ಮೊತ್ತದ ಹತ್ತನೇ ಒಂದು ಭಾಗ ಸೇರಿಸಿ. 500ಕ್ಕೆ 750, ಅದಕ್ಕೆ 50, ಒಟ್ಟು 800. ಮೊಬೈಲ್ ಬೇಡ, ಸಿಗ್ನಲ್ ಬೇಡ. ಪೋಖರಾ ಬರುವಷ್ಟರಲ್ಲಿ ಚಿಕ್ಕಮ್ಮನೂ ಕಲಿತರು. ಆಣೆ ನೋಡಿ ಗೊತ್ತಿಲ್ಲದ ನಾನೂ ಕಲಿತೆ.

ಆದರೆ ಲೆಕ್ಕ ಬಂದರೆ ಸಾಲದು. ಯಾವ ರೂಪಾಯಿ ಅಂತ ಮೊದಲು ಕೇಳಬೇಕು. ನಾನು ಎಡವಿದ್ದು ಇಲ್ಲಿ. ಮುಕ್ತಿನಾಥದ ಮೆಟ್ಟಿಲ ದಾರಿಯಲ್ಲಿ ಸಾಲಿಗ್ರಾಮ ಮಾರುವವರು ಸಾಲಾಗಿ ಕೂತಿರುತ್ತಾರೆ. ಕೆಳಗೆ ಕಾಳಿಗಂಡಕಿ ನದಿಯಲ್ಲಿ ಸಿಗುವ ಕಪ್ಪು ಕಲ್ಲುಗಳು ಅವು. ಅಮ್ಮನಿಗೆ ಒಂದು ಹಿಡಿಸಿತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಬಾಯಿ ತೆರೆದು ಒಳಗಿನ ಚಕ್ರ ಕಾಣುತ್ತಿತ್ತು. ಕತಿ ಹೋ ಅಂತ ಕಲಿತ ಎರಡು ಪದದಲ್ಲಿ ಕೇಳಿದೆ. ಆಠ್ ಸೌ ಅಂದಳು ಆ ಹೆಂಗಸು. ತಲೆಯಲ್ಲಿ ಹತ್ತಾಣೆ ಲೆಕ್ಕ ಓಡಿತು, ನಮ್ಮ ನೂರರ ಐದು ನೋಟು ಎಣಿಸಿ ಕೊಟ್ಟೆ. ಅವಳು ನೋಟು ನೋಡಿದಳು, ನನ್ನ ಮುಖ ನೋಡಿದಳು. ಅವಳು ಹೇಳಿದ್ದು ಐಸಿ 800. ನಾವು ಹಿಂದಿಯಲ್ಲಿ ಮಾತಾಡುತ್ತಿದ್ದದ್ದು ಕೇಳಿ ಅವಳೇ ನಮಗೆ ಅನುಕೂಲ ಆಗಲಿ ಅಂತ ನಮ್ಮ ರೂಪಾಯಿಯಲ್ಲಿ ಹೇಳಿದ್ದಳು. ಅವಳ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಎನ್‌ಸಿ 480 ವ್ಯತ್ಯಾಸ. ಚೌಕಾಸಿ ಮಾಡಿ ಕಡೆಗೆ ಐಸಿ 600ಕ್ಕೆ ಮುಗಿಯಿತು, ಆದರೆ ಆ ಎರಡು ನಿಮಿಷ ನಾನು ಅವಳ ಕಣ್ಣಿಗೆ ಕಮ್ಮಿ ಕೊಟ್ಟು ಜಾರಿಕೊಳ್ಳುವವಳ ಹಾಗೆ ಕಂಡಿರಬೇಕು. ಅದು ಈಗಲೂ ಚುಚ್ಚುತ್ತದೆ. ಅಮ್ಮ ಅಷ್ಟೇ ಹೇಳಿದರು: "ರೂಪಾಯಿ ಯಾವುದು ಅಂತ ಕೇಳಿ ಆಮೇಲೆ ಎಷ್ಟು ಅಂತ ಕೇಳು ಮಗಾ."

ಇದರ ಉಲ್ಟಾ ಕೂಡ ಆಗುತ್ತದೆ. ಕೆಲವು ಅಂಗಡಿಯಲ್ಲಿ ನಮ್ಮ ನೂರಕ್ಕೆ 150 ಅಂತ ಲೆಕ್ಕ ಹಾಕುತ್ತಾರೆ. ನೂರಕ್ಕೆ ಹತ್ತು ತಾನೇ ಅಂತ ಬಿಡಬೇಡಿ. 5000 ಹೀಗೆ ಕೊಟ್ಟರೆ ಎನ್‌ಸಿ 500 ಹೋಯಿತು. ಆ ದುಡ್ಡಲ್ಲಿ ಇಬ್ಬರು ಹೊಟ್ಟೆ ತುಂಬ ದಾಲ್ ಭಾತ್ ತಿನ್ನಬಹುದಿತ್ತು. ಅದಕ್ಕೇ ಊರಿಗೆ ಕಾಲಿಟ್ಟ ದಿನವೇ ಬ್ಯಾಂಕಿನಲ್ಲೋ ಹಣ ಬದಲಿಸುವ ಕೌಂಟರಿನಲ್ಲೋ ಒಂದಿಷ್ಟು ಎನ್‌ಸಿ ಮಾಡಿಸಿಕೊಂಡುಬಿಡಿ. ಗಡಿಯ ಊರುಗಳಲ್ಲಿ ನಮ್ಮ ನೋಟು ನೀರಿನ ಹಾಗೆ ಓಡಾಡುತ್ತದೆ, ಕಠ್ಮಂಡುವಿನಲ್ಲೂ ಬಹಳ ಕಡೆ ತೆಗೆದುಕೊಳ್ಳುತ್ತಾರೆ. ಆದರೆ ಬೆಟ್ಟದ ಮೇಲೆ, ಜೋಮ್ಸೋಮ್ ಕಡೆ, ಚಹಾ ಕುಡಿದು ಐಸಿ ಕೊಟ್ಟರೆ ಚಿಲ್ಲರೆ ವಾಪಸ್ ಕೊಡಲು ಅವರಿಗೂ ಕಷ್ಟ, ನಮಗೂ ಕಷ್ಟ.

ನಾವು ಹೋಗಿದ್ದಾಗ ನಮ್ಮ ನೋಟಿನಲ್ಲಿ 100ರ ತನಕ ಮಾತ್ರ ಅಲ್ಲಿ ನಡೆಯುತ್ತಿತ್ತು. 2018ರ ಡಿಸೆಂಬರ್‌ನಲ್ಲಿ ನೇಪಾಳ ಸರ್ಕಾರ ನಮ್ಮ 200, 500, 2000ದ ನೋಟುಗಳನ್ನು ನಿಷೇಧಿಸಿತ್ತು. ಹಾಗಾಗಿ ಸಾಗರದಲ್ಲೇ ಬ್ಯಾಂಕಿಗೆ ಹೋಗಿ ನೂರರ ಕಟ್ಟುಗಳನ್ನೇ ಕೇಳಿ ತಂದಿದ್ದೆವು. ಈ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ವಾರ ಒಮ್ಮೆ ವಿಚಾರಿಸಿಕೊಳ್ಳಿ.

ಯಾಕೆ ಇಷ್ಟು ಕಟ್ಟುನಿಟ್ಟು ಅಂತ ನನಗೆ ಅನ್ನಿಸಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಪೋಖರಾದಲ್ಲಿ. ನಾವು ಉಳಿದಿದ್ದ ಮನೆಯ ಅಜ್ಜಿ ಒಂದು ಸ್ಟೀಲ್ ಡಬ್ಬಿ ತಂದು ಮುಚ್ಚಳ ತೆಗೆದು ಅಮ್ಮನ ಮುಂದೆ ಇಟ್ಟರು. ಒಳಗೆ ನಮ್ಮ ಹಳೇ ಐನೂರರ ನೋಟುಗಳು, ನಾಲ್ಕು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿದ್ದವು. ಅವರ ಗಂಡ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸ ಮಾಡಿ ಉಳಿಸಿ ತಂದಿದ್ದ ದುಡ್ಡು. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ಇಲ್ಲಿ ನಾವು ಸಾಲಿನಲ್ಲಿ ನಿಂತು ಬದಲಿಸಿಕೊಂಡೆವು. ಅವರಿಗೆ ನಿಲ್ಲಲು ಸಾಲೇ ಇರಲಿಲ್ಲ. ಬದಲಿಸಬಹುದಾ ಅಂತ ಕೇಳಿದರು. ಇಲ್ಲ ಅಂತ ಹೇಳಲು ಅಮ್ಮನಿಗೆ ಬಾಯಿ ಬರಲಿಲ್ಲ, ನಾನೇ ಹೇಳಿದೆ. ಅವರು ತಲೆಯಾಡಿಸಿ ಡಬ್ಬಿ ಮುಚ್ಚಿದರು. ನಮ್ಮ ಸರ್ಕಾರ ಅಚ್ಚು ಹಾಕಿದ, ನಮ್ಮ ಊರಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟು ದುಡಿದ ದುಡ್ಡು ಅದು. ಇದಕ್ಕೆ ಒಂದು ದಾರಿ ಮಾಡಬೇಕಿತ್ತು ಅಂತ ನನಗೆ ಈಗಲೂ ಬಲವಾಗಿ ಅನ್ನಿಸುತ್ತದೆ.

ಅದೇ ಅಜ್ಜಿ ವಿಜಯದಶಮಿಯ ದಿನ ನಮ್ಮನ್ನು ಮಕ್ಕಳ ಹಾಗೆ ಸಾಲಾಗಿ ಕೂರಿಸಿದರು. ಅಲ್ಲಿ ದಸರಾಕ್ಕೆ ದಶೈಂ ಅನ್ನುತ್ತಾರೆ. ಮೊಸರು, ಅಕ್ಕಿ, ಕುಂಕುಮ ಕಲಸಿದ ಟೀಕಾ ಹಣೆಗೆ, ಮನೆಯಲ್ಲೇ ಮೊಳಕೆ ಬರಿಸಿದ ಹಳದಿ ಪೈರು ಕಿವಿಗೆ, ಕೈಗೆ ದಕ್ಷಿಣೆ. ದಕ್ಷಿಣೆಗೆ ಹೊಸ ನೋಟೇ ಆಗಬೇಕು. ಹಬ್ಬದ ಮುಂಚೆ ರಾಷ್ಟ್ರ ಬ್ಯಾಂಕು ಅದಕ್ಕೆಂದೇ ಹೊಸ ನೋಟು ಹಂಚುತ್ತದೆ, ಜನ ಅದಕ್ಕೆ ಸಾಲು ನಿಲ್ಲುತ್ತಾರೆ. ನಮಗೆ ಸಿಕ್ಕಿದ್ದು ಗರಿಗರಿಯಾದ ಹತ್ತರ ನೋಟು. ಒಂದು ಕಡೆ ಸಾಗರಮಾಥಾ, ಅಂದರೆ ಎವರೆಸ್ಟು. ಹಿಂದೆ ಕೃಷ್ಣಮೃಗ. "ಇದು ನಮ್ಮ ರಾಣೆಬೆನ್ನೂರಿನ ಜಿಂಕೆ ಅಲ್ವಾ" ಅಂದರು ಅಮ್ಮ. ಹೌದು, ಅದೇ. ಐದರಲ್ಲಿ ಯಾಕ್, ನೂರರಲ್ಲಿ ಘೇಂಡಾಮೃಗ, ಐನೂರರಲ್ಲಿ ಹುಲಿ, ಸಾವಿರದಲ್ಲಿ ಆನೆ. ಮುಂಚೆ ರಾಜರ ಚಿತ್ರ ಇರುತ್ತಿತ್ತು, ರಾಜಪ್ರಭುತ್ವ ಹೋಗುವ ಹೊತ್ತಿಗೆ ಆ ಜಾಗಕ್ಕೆ ಎವರೆಸ್ಟ್ ಬಂತು. ಮುಂಭಾಗದ ಅಂಕಿಗಳು ದೇವನಾಗರಿಯಲ್ಲಿ ಇರುತ್ತವೆ. ಓದಲು ಬರದಿದ್ದರೆ ತಿರುಗಿಸಿ, ಹಿಂದೆ ಇಂಗ್ಲಿಷಿನಲ್ಲಿದೆ. ಚಿಕ್ಕಮ್ಮ ಪ್ರಾಣಿ ನೋಡಿಯೇ ದುಡ್ಡು ಕೊಡುತ್ತಿದ್ದರು, ಒಮ್ಮೆಯೂ ತಪ್ಪಲಿಲ್ಲ. ನಾಣ್ಯ ಸಿಕ್ಕರೆ ಇಸವಿ ನೋಡಿ ಬೆಚ್ಚಬೇಡಿ. ಅಲ್ಲಿನ ಲೆಕ್ಕ ವಿಕ್ರಮ ಶಕೆಯದ್ದು, ನಾವಿದ್ದಾಗ ಅಲ್ಲಿ 2080 ನಡೆಯುತ್ತಿತ್ತು.

ಕಠ್ಮಂಡುವಿಗೆ ಬರುವಷ್ಟರಲ್ಲಿ ಒಂದು ಬದಲಾವಣೆ ಆಗಿತ್ತು. ನಾವು ಪ್ರತಿಯೊಂದಕ್ಕೂ ನಮ್ಮ ರೂಪಾಯಿ ಎಷ್ಟು ಅಂತ ನೋಡುವುದನ್ನು ಬಿಟ್ಟಿದ್ದೆವು. ಚಿಯಾ (ಅಂದರೆ ಚಹಾ) 30, ಒಂದು ಪ್ಲೇಟ್ ವೆಜ್ ಮೋಮೋ 150, ಹೀಗೆ ಎನ್‌ಸಿಯಲ್ಲೇ ಹೆಚ್ಚು ಕಮ್ಮಿ ಗೊತ್ತಾಗತೊಡಗಿತು. ಚಿಯಾ 60 ಅಂದರೆ ಜಾಸ್ತಿ ಆಯಿತು ಅಂತ ತಕ್ಷಣ ಅನ್ನಿಸುತ್ತಿತ್ತು. ದೊಡ್ಡ ಖರ್ಚಿಗೆ ಮಾತ್ರ ಹತ್ತಾಣೆ ಲೆಕ್ಕ. ಪಶುಪತಿನಾಥದಲ್ಲಿ ಗರ್ಭಗುಡಿಯ ಪೂಜೆ ಮಾಡುವ ಭಟ್ಟರು ದಕ್ಷಿಣ ಭಾರತದವರು, ಹೆಚ್ಚಾಗಿ ನಮ್ಮ ಕರ್ನಾಟಕದ ಕಡೆಯವರೇ. ಬಹಳ ಕಾಲದಿಂದ ನಡೆದುಬಂದ ಪದ್ಧತಿ ಅದು. ಇದನ್ನು ಹೇಳಿದಾಗ ಅಮ್ಮ ಕಣ್ಣು ಒರೆಸಿಕೊಂಡು, ತಟ್ಟೆಗೆ ಹಾಕಲು ಐಸಿ ಹುಡುಕಿದರು. ಊರಿನವರಿಗೆ ಊರಿನ ದುಡ್ಡೇ ಹಾಕಬೇಕು ಅಂತ.

ಈಗ ಹೋಗುವವರಿಗೆ ಇನ್ನೂ ಒಂದು ಅನುಕೂಲ ಇದೆ. 2024ರ ಮಾರ್ಚ್‌ನಿಂದ ನೇಪಾಳದ ಫೋನ್‌ಪೇ ಕ್ಯೂಆರ್ ಇರುವ ಅಂಗಡಿಗಳಲ್ಲಿ ನಮ್ಮ ಯುಪಿಐ ಕೆಲಸ ಮಾಡುತ್ತದೆ. ಅಂದ ಹಾಗೆ ಇದು ನಮ್ಮಲ್ಲಿರುವ ಅದೇ ಹೆಸರಿನ ಆ್ಯಪ್ ಅಲ್ಲ, ನೇಪಾಳದ್ದೇ ಬೇರೆ ಕಂಪನಿ. ಪಿನ್ ಒತ್ತುವ ಮುಂಚೆ ನಮ್ಮ ರೂಪಾಯಿಯಲ್ಲಿ ಎಷ್ಟು ಕಡಿತ ಆಗುತ್ತದೆ ಅನ್ನುವುದನ್ನು ನೋಡಿಕೊಳ್ಳಿ. ಹತ್ತಾಣೆ ಲೆಕ್ಕಕ್ಕಿಂತ ಎಷ್ಟು ಜಾಸ್ತಿ ಇದೆಯೋ ಅಷ್ಟು ನೀವು ಮೇಲೆ ಕೊಡುವ ಖರ್ಚು. ಮತ್ತೆ, ಉಳಿದ ಎನ್‌ಸಿಯನ್ನು ಅಲ್ಲೇ ಬದಲಿಸಿ ಬನ್ನಿ. ಗಡಿ ದಾಟಿ ಈಚೆ ಬಂದು ದೂರ ಹೋದಷ್ಟೂ ಅದನ್ನು ತೆಗೆದುಕೊಳ್ಳುವವರು ಸಿಗುವುದಿಲ್ಲ.

ನಾವು ಅದನ್ನು ಮರೆತಿದ್ದೆವು. ಬೆಂಗಳೂರಿನ ನನ್ನ ಮನೆಗೆ ಬಂದು ಚೀಲ ಬಿಚ್ಚಿದಾಗ ಅಮ್ಮನ ಪರ್ಸಿನಲ್ಲಿ ಆನೆಯ ನೋಟು ಒಂದು ಉಳಿದಿತ್ತು, ಎನ್‌ಸಿ 1000. ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೆಲಸ ಮಾಡುವ ಹುಡುಗ ನೇಪಾಳದವನು, ದೀಪಾವಳಿಗೆ ಊರಿಗೆ ಹೊರಟಿದ್ದ. ಅಮ್ಮ ಕೆಳಗೆ ಹೋಗಿ ನೋಟು ಕೊಟ್ಟು ಹಬ್ಬಕ್ಕೆ ಇಟ್ಟುಕೋ ಮಗಾ ಅಂದರು. ಅವನು ಸುಮ್ನೆ ತೆಗೆದುಕೊಳ್ಳಲು ಒಪ್ಪಲಿಲ್ಲ. ಅಮ್ಮ ಬಾಯಲ್ಲಿ ಅರ್ಧ, ಅದರ ಕಾಲು ಅನ್ನುತ್ತಿರುವಾಗಲೇ ಅವನು ಜೇಬಿನಿಂದ ನೂರರ ಆರು ನೋಟು, ಎರಡು ಹತ್ತು, ಒಂದು ಐದರ ನಾಣ್ಯ ಎಣಿಸಿ ಅಮ್ಮನ ಕೈಯಲ್ಲಿಟ್ಟ. ಅಮ್ಮ ಐದರ ನಾಣ್ಯ ಇಟ್ಟುಕೊಂಡು ಉಳಿದದ್ದನ್ನು ಅವನ ಜೇಬಿಗೇ ತುರುಕಿದರು.